ತೊಲೆ ನಿಂತಿದೆಯೋ, ಮಲಗಿದೆಯೋ?

ಕಂಪ್ಯೂಟರಿನಲ್ಲಿ ಕಟ್ಟಡದ ಬಲ ಅಳೆಯುವವರು ಅದಕ್ಕೆ ಎರಡು ಮಾತು ಹೇಳಲೇಬೇಕು: ತೊಲೆ ಯಾವ ಮಗ್ಗುಲಲ್ಲಿದೆ, ಗಾಳಿ ಎತ್ತ ಬೀಸುತ್ತದೆ. ಹೇಳದಿದ್ದರೆ ಅದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ಗೋದಾಮುಗಳ ಸಾಲು ಏಳುತ್ತಿರುವ ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಸೀಮೆಯಲ್ಲಿ ಆ ಊಹೆಯ ಬೆಲೆ ಎಷ್ಟು?

ಆಷಾಢ ಕಾಲಿಟ್ಟಿತೆಂದರೆ ದೊಡ್ಡಬಳ್ಳಾಪುರದಲ್ಲಿ ಕಣ್ಣುಗಳೆಲ್ಲ ಮೇಲಕ್ಕೆ. ವರ್ಷವಿಡೀ ಮಗ್ಗದ ಸದ್ದು ತುಂಬಿರುವ ಊರಿನ ಮಹಡಿಗಳ ಮೇಲೆ, ಬಯಲುಗಳಲ್ಲಿ ಗಾಳಿಪಟದ ಗದ್ದಲ.

ಪಟ ಕಟ್ಟುವವನ ಕೈ ನೋಡಬೇಕು. ಬಿದಿರಿನ ದಬ್ಬೆ ಸೀಳಿ, ಚಾಕುವಿನಲ್ಲಿ ಹೆರೆದು, ಎರಡು ತುದಿ ಹಿಡಿದು ಬಾಗಿಸುತ್ತಾನೆ. ಅಗಲದ ಮಗ್ಗುಲಿಗೆ ಅದು ಬಿಲ್ಲಿನಂತೆ ಬಳುಕುತ್ತದೆ. ಅದೇ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಹಿಡಿದರೆ ಬಾಗಲೊಲ್ಲದು. ಯಾವ ಕಡ್ಡಿ ಬಳುಕಬೇಕು, ಯಾವುದು ಸೆಟೆದು ನಿಲ್ಲಬೇಕು ಎಂಬುದು ಅವನ ಬೆರಳಿಗೆ ಗೊತ್ತು. ಆಮೇಲೆ ಸೂತ್ರ, ಬಾಲಂಗೋಚಿ. ಕೊನೆಗೆ ಒಂದು ಚಿಟಿಕೆ ಮಣ್ಣು ಮೇಲಕ್ಕೆ ತೂರಿ ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಿದ ಮೇಲೆಯೇ ದಾರ ಬಿಡುವುದು.

ಕಡ್ಡಿಯ ಮಗ್ಗುಲು, ಗಾಳಿಯ ದಿಕ್ಕು. ಕಟ್ಟಡ ಎಂಜಿನಿಯರುಗಳ ಕಂಪ್ಯೂಟರಿನಲ್ಲಿ ಆಗಾಗ ಎಡವಟ್ಟಾಗುವುದು ಈ ಎರಡರಲ್ಲೇ. ಪರದೆಯ ಮೇಲೆ ಮಣ್ಣು ತೂರಲು ಬರುವುದಿಲ್ಲ. ಅಲ್ಲಿ ತೊಲೆಯೆಂದರೆ ಒಂದು ಗೆರೆ, ಗಾಳಿಯೆಂದರೆ ಒಂದು ಸಂಖ್ಯೆ. ಗೆರೆಗೆ ಮಗ್ಗುಲಿಲ್ಲ. ಸಂಖ್ಯೆಯ ಹಿಂದೆ ಇರುವುದು ಬರೀ ಒಂದು ಕೂಡು ಅಥವಾ ಕಳೆ ಚಿಹ್ನೆ.

10 ಮಿಲಿಮೀಟರೋ, 186 ಮಿಲಿಮೀಟರೋ?

ನಮ್ಮ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ದಿನಬೆಳಗಾದರೆ ಕಾಣುವ ಐ-ಬೀಮನ್ನೇ ತೆಗೆದುಕೊಳ್ಳಿ. ಹೆಸರು ಐಎಸ್‌ಎಂಬಿ 300, ಅಂದರೆ ಎತ್ತರ 300 ಮಿಲಿಮೀಟರ್. ಆರು ಮೀಟರ್ ಅಂತರದ ಎರಡು ಆಸರೆಗಳ ಮೇಲೆ ಇದನ್ನು ನಿಲ್ಲಿಸಿ, ಪ್ರತಿ ಮೀಟರಿಗೆ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಭಾರ ಹೇರಿದರೆ ನಡುಮಧ್ಯ ಕುಗ್ಗುವುದು 10 ಮಿಲಿಮೀಟರ್.

ಅದೇ ಬೀಮನ್ನು ಮಲಗಿಸಿ, ಅದೇ ಭಾರ ಹೇರಿದರೆ ಲೆಕ್ಕ ತೋರಿಸುವುದು 186 ಮಿಲಿಮೀಟರ್. ಉಕ್ಕು ಅದೇ, ತೂಕ ಅದೇ, ಕೊಟ್ಟ ದುಡ್ಡೂ ಅದೇ. ನಿಂತಾಗ ಬಾಗುವಿಕೆಗೆ ಒಡ್ಡುವ ಪ್ರತಿರೋಧ ಮಲಗಿದಾಗಿನದಕ್ಕಿಂತ ಸುಮಾರು 19 ಪಟ್ಟು ಹೆಚ್ಚು.

ನಿಜವಾದ ಬೀಮು 186 ಮಿಲಿಮೀಟರ್ ಬಾಗಿ ಸುಮ್ಮನಿರುವುದಿಲ್ಲ. ನಿಂತಾಗ ಅದರೊಳಗಿನ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ 78 ನ್ಯೂಟನ್ ಇದ್ದದ್ದು ಮಲಗಿದಾಗ 690 ದಾಟುತ್ತದೆ. ಸಾಮಾನ್ಯ ಉಕ್ಕು 250ಕ್ಕೇ ಸೋಲುತ್ತದೆ. ಆದರೆ ಸರಳ ರೇಖೀಯ ಲೆಕ್ಕ ಮಾಡುವ ತಂತ್ರಾಂಶಕ್ಕೆ ಉಕ್ಕು ಸೋತದ್ದು ತಿಳಿಯುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ನೀಲಿ-ಕೆಂಪು ಬಣ್ಣದಲ್ಲಿ ಅಂದವಾದ ಬಾಗು ಬಿಡಿಸುತ್ತದೆ. ಬಲ ಸಾಕೇ ಎಂಬ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು.

ಹಳೆಯ ಮನೆಗಳಲ್ಲಿ ತೊಲೆ-ಜಂತೆ ಕೂರಿಸಿದ ಬಡಗಿಗೆ ಈ ಸಂದೇಹವೇ ಬರುತ್ತಿರಲಿಲ್ಲ. ಮರ ಕಣ್ಣೆದುರಿತ್ತು. ಇವತ್ತು ಶೆಡ್ಡಿನ ಮೇಲೆ ಹತ್ತಿದ ವೆಲ್ಡರ್ ಕೂಡ ಕೆಳಗೆ ನಿಂತವರನ್ನು ಕೂಗಿ ಕೇಳುತ್ತಾನೆ: “ಸಾರ್, ಚಾನೆಲ್ ಬಾಯಿ ಮೇಲ್ಗಡೆಗಾ, ಕೆಳಗಡೆಗಾ?” ಇಳಿಜಾರು ಚಾವಣಿಯಲ್ಲಿ ಸಿ-ಚಾನೆಲ್ಲಿನ ತೆರೆದ ಬಾಯಿ ಏರಿನ ಕಡೆ, ಅಂದರೆ ಮಾಡಿನ ತುದಿಯ ಕಡೆ ಮುಖ ಮಾಡಿದ್ದರೆ ಮೇಲಿನ ಭಾರಕ್ಕೆ ಅದು ತಿರುಚಿಕೊಳ್ಳುವುದು ಕಡಿಮೆ. ಆ ಒಂದು ಪ್ರಶ್ನೆ ಕೇಳುವ ಕೆಲಸಗಾರ ಸಿಕ್ಕಿದ ಮಾಲೀಕ ಪುಣ್ಯವಂತ. ತಂತ್ರಾಂಶ ಹಾಗೆ ಕೂಗಿ ಕೇಳುವುದಿಲ್ಲ.

ಸ್ಲೈಡರ್ ಎಳೆದಾಗ

ಕಂಪ್ಯೂಟರ್ ಪ್ರತಿ ತೊಲೆಗೂ ಮೂರು ಅಕ್ಷಗಳನ್ನು ಅಂಟಿಸಿಕೊಳ್ಳುತ್ತದೆ. ಒಂದು ತೊಲೆಯ ಉದ್ದಕ್ಕೆ. ಉಳಿದೆರಡು ಅದರ ಅಡ್ಡಕ್ಕೆ ಮತ್ತು ಎತ್ತರಕ್ಕೆ. ಇವನ್ನು ಸ್ಥಳೀಯ ಅಕ್ಷ ಎನ್ನುತ್ತಾರೆ. ಎಂಜಿನಿಯರ್ ಏನೂ ಹೇಳದಿದ್ದರೆ ಅಡ್ಡದ ಅಕ್ಷ ನೆಲಕ್ಕೆ ಸಮಾನಾಂತರ ಎಂದು ಹಿಡಿಯುವುದು ಹಲವು ತಂತ್ರಾಂಶಗಳ ರೂಢಿ. ಸಾಮಾನ್ಯ ತೊಲೆಗೆ ಇದು ಸರಿಯೇ. ತೊಲೆ ನೆಟ್ಟಗೆ ನಿಲ್ಲುತ್ತದೆ.

ತೊಡಕು ಶುರುವಾಗುವುದು ಕಂಬದಲ್ಲಿ. ನೇರ ನಿಂತ ಕಂಬಕ್ಕೆ ಅಡ್ಡಡ್ಡ ಯಾವ ದಿಕ್ಕಾದರೂ ನೆಲಕ್ಕೆ ಸಮಾನಾಂತರವೇ. ಹಾಗಾಗಿ ತಂತ್ರಾಂಶ ಅಲ್ಲಿ ಬೇರೊಂದು ನಿಯಮಕ್ಕೆ ಹೊರಳಿ, ಎಲ್ಲ ಕಂಬಗಳಿಗೂ ಒಂದೇ ದಿಕ್ಕು ಕೊಡುತ್ತದೆ. ಈಗ ವಿನ್ಯಾಸಕಾರ ಕಂಬಗಳನ್ನು ಹೂವಿನ ದಳದ ಹಾಗೆ ಸ್ವಲ್ಪ ಹೊರಕ್ಕೆ ವಾಲಿಸಿದನೆನ್ನಿ. ನೇರ ಕಂಬದ ನಿಯಮ ಬಿಟ್ಟುಹೋಗಿ ಸಾಮಾನ್ಯ ತೊಲೆಯ ನಿಯಮ ಬಂತು. ಪ್ರತಿ ಕಂಬವೂ ತನ್ನ ವಾಲಿಕೆಗೆ ತಕ್ಕಂತೆ ಮಗ್ಗುಲು ಬದಲಿಸಿತು. ಪರದೆಯ ಮೇಲೆ ಕಾಣುವುದು ಬರೀ ಗೆರೆಗಳಾದ್ದರಿಂದ ಬದಲಾದದ್ದು ಗೊತ್ತೇ ಆಗುವುದಿಲ್ಲ.

ನಮ್ಮ ಎಂಜಿನಿಯರಿಂಗ್ ಕಚೇರಿಗಳಲ್ಲಿ ಮನೆಮಾತಾಗಿರುವ ಸ್ಟಾಡ್ ಪ್ರೊ ತಂತ್ರಾಂಶದಲ್ಲಿ ಇದನ್ನು ಸರಿಪಡಿಸಲು, ತೊಲೆಯನ್ನು ಅದರ ಉದ್ದದ ಸುತ್ತ ತಿರುಗಿಸುವ ‘ಬೀಟಾ ಕೋನ’ ಇದೆ. ಮಲಗಿದ್ದನ್ನು ನಿಲ್ಲಿಸಲು ಬೀಟಾ 90 ಎಂದು ಕೊಟ್ಟರಾಯಿತು. ಹತ್ತಾರು ತೊಲೆಗಳ ಶೆಡ್ಡಿಗೆ ಇದು ಐದು ನಿಮಿಷದ ಕೆಲಸ.

ಪ್ಯಾರಾಮೆಟ್ರಿಕ್ ವಿಧಾನದಲ್ಲಿ ಹಾಗಲ್ಲ. ಇಲ್ಲಿ ಕಟ್ಟಡವನ್ನು ಬಿಡಿಸುವುದಿಲ್ಲ. ಕಟ್ಟಡ ಹುಟ್ಟುವ ನಿಯಮವನ್ನು ಬರೆಯುತ್ತಾರೆ. ಅಗಲ, ಎತ್ತರ, ಕಮಾನಿನ ಬಾಗು, ಕಂಬಗಳ ಸಂಖ್ಯೆ ಎಲ್ಲಕ್ಕೂ ಒಂದೊಂದು ಸ್ಲೈಡರ್. ಒಂದನ್ನು ಎಳೆದರೆ ಇಡೀ ಚಾವಣಿ ಮರುಹುಟ್ಟು ಪಡೆಯುತ್ತದೆ. ಇಟಲಿಯ ವಾಸ್ತುಶಿಲ್ಪಿ ಲುಯಿಜಿ ಮೊರೆತ್ತಿ 1960ರಲ್ಲೇ ಮಿಲಾನಿನ ಪ್ರದರ್ಶನದಲ್ಲಿ ಈ ಬಗೆಯ ಕ್ರೀಡಾಂಗಣದ ಮಾದರಿಗಳನ್ನು ಇಟ್ಟಿದ್ದ. ಅದು ಎಲ್ಲರ ಕೈಗೆಟುಕಿದ್ದು 2007ರಲ್ಲಿ ಡೇವಿಡ್ ರುಟನ್ ರೂಪಿಸಿದ ಸಾಧನದಿಂದ. ಮುಂದೆ ಅದಕ್ಕೆ ಗ್ರಾಸ್‌ಹಾಪರ್ ಎಂದು ಹೆಸರಾಯಿತು. ಅದರೊಳಗೇ ಬಲದ ಲೆಕ್ಕ ಮಾಡುವ ಕರಂಬಾ3ಡಿಯನ್ನು ವಿಯೆನ್ನಾದಲ್ಲಿ ಕ್ಲೆಮೆನ್ಸ್ ಪ್ರೈಸಿಂಗರ್ ರೂಪಿಸಿದರು.

ಅದ್ಭುತ ಸಾಧನಗಳು, ಸಂಶಯವಿಲ್ಲ. ಒಂದು ಮಧ್ಯಾಹ್ನದಲ್ಲಿ ನೂರು ಚಾವಣಿಗಳನ್ನು ಹೋಲಿಸಿ ನೋಡಬಹುದು. ಆದರೆ ‘47ನೇ ತೊಲೆಗೆ ಗಾಳಿಯ ಭಾರ’ ಎಂದು ಬರೆದಿಟ್ಟವರು ಕಂಬಗಳ ಸ್ಲೈಡರ್ ಎಳೆದರೆ ಸಂಖ್ಯೆಗಳೆಲ್ಲ ಹೊಸದಾಗಿ ಬೀಳುತ್ತವೆ. ಭಾರ ಈಗ ಯಾವುದೋ ಬೇರೆ ತೊಲೆಯ ಮೇಲೆ. ಬೀಟಾ ಕೋನ ಕೊಟ್ಟದ್ದೂ ಇನ್ಯಾವುದಕ್ಕೋ.

ಇನ್ನೊಂದು ಬಚ್ಚಿಟ್ಟುಕೊಂಡ ಹಳ್ಳವಿದೆ. ಮಾದರಿ ಶುರುಮಾಡುವಾಗ ಬಹಳ ಮಂದಿ ದುಂಡನೆಯ ಪೈಪನ್ನೇ ಇಟ್ಟುಕೊಳ್ಳುತ್ತಾರೆ. ಕರಂಬಾದಲ್ಲಿ ಏನೂ ಹೇಳದಿದ್ದರೆ ಸಿಗುವುದೂ ದುಂಡು ಪೈಪೇ. ದುಂಡನೆಯದಕ್ಕೆ ಮಗ್ಗುಲಿಲ್ಲ, ಯಾವ ಕಡೆ ತಿರುಗಿದರೂ ಬಲ ಒಂದೇ. ಅಕ್ಷಗಳು ಎಷ್ಟೇ ಅಡ್ಡಾದಿಡ್ಡಿಯಾಗಿರಲಿ, ಉತ್ತರ ಸರಿಯಾಗಿ ಬರುತ್ತದೆ. ಕೊನೆಯಲ್ಲಿ ಪೈಪ್ ತೆಗೆದು ಐ-ಬೀಮ್ ಹಾಕಿದ ಕ್ಷಣ ಅರ್ಧ ತೊಲೆಗಳು ಮಲಗಿರುವುದು ಬಯಲಾಗುತ್ತದೆ. ನಮ್ಮ ಪಾಲಿಹೌಸುಗಳು ದುಂಡು ಜಿಐ ಪೈಪಿನಲ್ಲೇ ಏಳುತ್ತವಲ್ಲ, ಗುಲಾಬಿ ಬೆಳೆಗಾರನಿಗೆ ಈ ಒಂದು ತಲೆನೋವಾದರೂ ಇಲ್ಲ. ಅವನ ತಲೆನೋವು ಗಾಳಿ.

---
ಬಾಕ್ಸ್: ಗಾಳಿ ಬರೆದ ರನ್‌ವೇ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ. ಒಂದು 2008ರದು, ಇನ್ನೊಂದು ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಎರಡೂ 4,000 ಮೀಟರ್ ಉದ್ದ. ಅವುಗಳ ಮೇಲೆ ಬರೆದ 09 ಮತ್ತು 27 ಅಂದರೆ 90 ಡಿಗ್ರಿ ಮತ್ತು 270 ಡಿಗ್ರಿ: ನೇರ ಪೂರ್ವ, ನೇರ ಪಶ್ಚಿಮ. ಎಚ್‌ಎಎಲ್, ಯಲಹಂಕದ ರನ್‌ವೇಗಳೂ ಪೂರ್ವ-ಪಶ್ಚಿಮವೇ. ಮುಂಗಾರಿನಲ್ಲಿ ಪಡುವಣ ಗಾಳಿ, ಹಿಂಗಾರಿನಲ್ಲಿ ಮೂಡಣ ಗಾಳಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು.
---

ಅತಿ ಸೌಮ್ಯ ವಲಯ, ಆದರೂ

ಭಾರತದಲ್ಲಿ ಗಾಳಿಯ ಭಾರಕ್ಕೆ ಒಂದು ಮಾನಕವಿದೆ: ಐಎಸ್ 875ರ ಮೂರನೇ ಭಾಗ, ಈಗಿನ ಆವೃತ್ತಿ 2015ರದು. ಅದು ದೇಶವನ್ನು ಗಾಳಿಯ ವೇಗಕ್ಕೆ ತಕ್ಕಂತೆ ಆರು ವಲಯಗಳಾಗಿ ಹಂಚುತ್ತದೆ. ಬೆಂಗಳೂರು ಇರುವುದು ಎಲ್ಲಕ್ಕಿಂತ ಸೌಮ್ಯ ವಲಯದಲ್ಲಿ: ಸೆಕೆಂಡಿಗೆ 33 ಮೀಟರ್. ಮಂಗಳೂರಿಗೆ 39, ಚೆನ್ನೈಗೆ 50.

ಸೌಮ್ಯ ಎಂದರೂ 33 ಮೀಟರ್ ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ ಮೂರು ಸೆಕೆಂಡಿನ ಬೀಸು. ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಒತ್ತಡ: ಚದರ ಮೀಟರಿಗೆ 653 ನ್ಯೂಟನ್, ಅಂದರೆ ಹತ್ತಿರ ಹತ್ತಿರ 67 ಕೆ.ಜಿ.

ಸ್ಥಳ ನೋಡಿ ಈ ಸಂಖ್ಯೆಯನ್ನು ತಿದ್ದಬೇಕು. ಗುಡ್ಡದ ಇಳಿಜಾರಿನಲ್ಲಿ, ನೆತ್ತಿಯಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ಮಾನಕ ಅದಕ್ಕೆ 1.36ರವರೆಗೆ ಗುಣಕ ಕೊಡುತ್ತದೆ. ವೇಗದ ವರ್ಗವೇ ಒತ್ತಡವಾದ್ದರಿಂದ ಅಲ್ಲಿಗೆ ಭಾರ 1.85 ಪಟ್ಟು. ನಂದಿಯ ತಪ್ಪಲು, ಶಿವಗಂಗೆಯ ಸೆರಗಿನಂಥ ಜಾಗದಲ್ಲಿ ರೆಸಾರ್ಟಿನ ತಗಡು ಚಾವಣಿ ಹೊದಿಸುವವರು ಬಯಲು ಸೀಮೆಯ ನಕ್ಷೆಯನ್ನೇ ಹಾಗೇ ತಂದು ಕಟ್ಟಿದರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ.

ಇನ್ನು ದಿಕ್ಕು. ರನ್‌ವೇ ಪೂರ್ವ-ಪಶ್ಚಿಮವಿದೆ ಎಂದು ಕಟ್ಟಡಕ್ಕೂ ಆ ಎರಡೇ ದಿಕ್ಕು ಸಾಕೆಂದುಕೊಳ್ಳುವಂತಿಲ್ಲ. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಗುಡುಗಿನ ಮೋಡದಿಂದ ಧುಮುಕಿ ನೆಲಕ್ಕೆ ಬಡಿದು ಚದುರುವ ಬಿರುಗಾಳಿ ಎತ್ತಲಿಂದಲಾದರೂ ಬರಬಹುದು. ದ್ರಾಕ್ಷಿ ಚಪ್ಪರ ಒರಗುವುದು, ಪಾಲಿಹೌಸಿನ ಹೊದಿಕೆ ಹರಿಯುವುದು, ಶೀಟು ಹಾರುವುದು ಹೆಚ್ಚಾಗಿ ಇಂಥ ಸಂಜೆಗಳಲ್ಲೇ. ನಾಲ್ಕು ದಿಕ್ಕಿನಿಂದ, ಮೂಲೆಗಳಿಂದಲೂ ಗಾಳಿ ಬೀಸಿಸಿ ನೋಡದ ಲೆಕ್ಕ ಅರ್ಧ ಲೆಕ್ಕ.

ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡ ಇದಕ್ಕೆ ಸಾಕ್ಷಿ. ಅದರ ಕಂಬಗಳಿರುವುದು ಮೂಲೆಗಳಲ್ಲಲ್ಲ, ಪ್ರತಿ ಬದಿಯ ನಡುವೆ. ಕಟ್ಟಡ ಎದ್ದ ಮೇಲೆ, 1978ರಲ್ಲಿ, ಎಂಜಿನಿಯರ್ ವಿಲಿಯಂ ಲೆಮೆಷರಿಯರ್ ಮೂಲೆಗಾಳಿಯ ಲೆಕ್ಕ ಹಾಕಿದಾಗ ಕೆಲವು ಓರೆ ಪಟ್ಟಿಗಳಲ್ಲಿ ಬಲ 40 ಪ್ರತಿಶತ ಹೆಚ್ಚುವುದು ಕಂಡಿತು. ಕೀಲುಗಳಲ್ಲಿ ವೆಲ್ಡಿಂಗ್ ಬದಲು ಬೋಲ್ಟ್ ಹಾಕಲಾಗಿತ್ತು. ರಾತ್ರಿಗಳಲ್ಲಿ ಉಕ್ಕಿನ ಪಟ್ಟಿ ಬೆಸೆದು ಅದನ್ನು ಉಳಿಸಿಕೊಂಡರು.

ದೇವನಹಳ್ಳಿಯಲ್ಲೇ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡ ಪ್ರತಿಮೆಗೆ ಸಮತಟ್ಟಾದ ಮುಖವೇ ಇಲ್ಲ. ರಾಮ್ ಸುತಾರ್ ರೂಪಿಸಿದ ಈ ಪ್ರತಿಮೆಯಲ್ಲಿ 98 ಟನ್ ಕಂಚು, 120 ಟನ್ ಉಕ್ಕು. ನೋಡುವವರಿಗೆ ಕಂಚು ಕಾಣುತ್ತದೆ. ಗಾಳಿಗೆ ಎದೆಯೊಡ್ಡುವುದು ಒಳಗಿನ ಉಕ್ಕಿನ ಅಸ್ಥಿಪಂಜರ. ಇಂಥ ಆಕಾರಕ್ಕೆ ಗಾಳಿ ಯಾವ ಕಡೆಯಿಂದ ಬಂದರೂ ಹೊಸ ಲೆಕ್ಕ.

ಒತ್ತುವುದಷ್ಟೇ ಅಲ್ಲ, ಎಳೆಯುತ್ತದೆ

ಗಾಳಿಯೆಂದರೆ ನೂಕುವ ಶಕ್ತಿ ಎಂದೇ ನಮ್ಮ ಭಾವನೆ. ಚಾವಣಿಗೆ ಅದು ಬಹುಪಾಲು ಎಳೆಯುವ ಶಕ್ತಿ.

ದಾಬಸ್‌ಪೇಟೆ ಕಡೆ 20 ಮೀಟರ್ ಅಗಲ, 40 ಮೀಟರ್ ಉದ್ದ, 6 ಮೀಟರ್ ಎತ್ತರದ ಒಂದು ಗೋದಾಮು ಎಂದಿಟ್ಟುಕೊಳ್ಳೋಣ. ತಿದ್ದುಪಡಿ ಗುಣಕಗಳನ್ನೆಲ್ಲ 1 ಎಂದು ಹಿಡಿಯೋಣ. ಚಾವಣಿ 800 ಚದರ ಮೀಟರ್. ಹೊರಗಿನ ಎಳೆತಕ್ಕೆ ಆ 653 ನ್ಯೂಟನ್ನಿನ ಸರಾಸರಿ 0.8 ಪಾಲು, ಒಳಗಿನಿಂದ ಉಬ್ಬಿಸುವ ಒತ್ತಡಕ್ಕೆ 0.2 ಪಾಲು ಎಂದು ಇಟ್ಟುಕೊಂಡರೆ ಚಾವಣಿಯನ್ನು ಗಾಳಿ ಮೇಲಕ್ಕೆತ್ತುವ ಬಲ ಸುಮಾರು 53 ಟನ್. ಶೀಟು, ಅದನ್ನು ಹೊರುವ ಅಡ್ಡಪಟ್ಟಿ ಅಂದರೆ ಪರ್ಲಿನ್, ಎರಡೂ ಸೇರಿ ಚದರ ಮೀಟರಿಗೆ 10ರಿಂದ 15 ಕೆ.ಜಿ. ಇದ್ದರೆ ಚಾವಣಿಯ ಸ್ವಂತ ತೂಕ 8ರಿಂದ 12 ಟನ್ ಅಷ್ಟೇ.

ಈಗ ಗಾಳಿಗೆದುರಾಗಿ ದೊಡ್ಡ ಶಟರ್ ತೆರೆದೇ ಇದೆ, ಲಾರಿ ಒಳಗೆ ನಿಂತಿದೆ. ಗೋಡೆಯ 20 ಪ್ರತಿಶತಕ್ಕಿಂತ ಹೆಚ್ಚು ತೆರೆದಿದ್ದರೆ ಒಳಗಿನ ಒತ್ತಡಕ್ಕೆ ಮಾನಕ 0.7 ಹಿಡಿಯಲು ಹೇಳುತ್ತದೆ. 53 ಟನ್ ಇದ್ದದ್ದು 80 ಟನ್ ಆಯಿತು. ಶಟರ್ ಮುಚ್ಚಿದ್ದಕ್ಕೂ ತೆರೆದದ್ದಕ್ಕೂ 27 ಟನ್ ವ್ಯತ್ಯಾಸ! ಗೋದಾಮಿನಲ್ಲಿ ಶಟರ್ ತೆರೆದಿರುವುದೇ ಸಹಜ ಸ್ಥಿತಿ. ಲೆಕ್ಕದಲ್ಲಿ ಅದು ಮುಚ್ಚಿರುತ್ತದೆ ಎಂದುಕೊಳ್ಳುವ ಹಕ್ಕು ಎಂಜಿನಿಯರಿಗಿಲ್ಲ ಎಂದೇ ನನ್ನ ಅಭಿಪ್ರಾಯ.

ಎಳೆತಕ್ಕೆ ಸಿಕ್ಕಾಗ ಪರ್ಲಿನ್ನಿನ ಗತಿಯೂ ತಲೆಕೆಳಗು. ಕೆಳಕ್ಕೆ ಭಾರ ಬಿದ್ದಾಗ ಅದುಮಿಸಿಕೊಳ್ಳುವುದು ಅದರ ಮೇಲಂಚು. ಅದನ್ನು ಶೀಟಿನ ಸ್ಕ್ರೂಗಳು ಹಿಡಿದಿರುತ್ತವೆ. ಮೇಲಕ್ಕೆ ಎಳೆದಾಗ ಅದುಮಿಸಿಕೊಳ್ಳುವುದು ಕೆಳಂಚು. ಅದನ್ನು ಹಿಡಿಯುವವರಿಲ್ಲ. ಪಕ್ಕಕ್ಕೆ ತಿರುಚಿ ಹೊರಳುತ್ತದೆ. ಪರ್ಲಿನ್ನುಗಳನ್ನು ಒಂದಕ್ಕೊಂದು ಬಿಗಿಯಲು ನಡುನಡುವೆ ಹಾಕುವ ಸ್ಯಾಗ್ ರಾಡನ್ನು ‘ಸುಮ್ಮನೆ ಖರ್ಚು’ ಎಂದು ಬಿಡಿಸುವ ಮಾಲೀಕರು ಈ ಮಾತನ್ನು ಗಮನಿಸಬೇಕು.

ತಪ್ಪು ಸಿಕ್ಕಿಬೀಳುವುದು ಹೀಗೆ

ಇದೇ ಗೋದಾಮಿನ ಉದ್ದ ಗೋಡೆಗೆ ಗಾಳಿ ಬಡಿಸೋಣ. ಗೋಡೆ 240 ಚದರ ಮೀಟರ್. ಎದುರು ಗೋಡೆಗೆ ನೂಕು 0.7, ಹಿಂದಿನ ಗೋಡೆಗೆ ಎಳೆತ 0.25. ಎರಡೂ ಕಟ್ಟಡವನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ, ಆದ್ದರಿಂದ ಕೂಡಬೇಕು: 0.95. ಒತ್ತಡ, ವಿಸ್ತೀರ್ಣ ಗುಣಿಸಿದರೆ 149 ಕಿಲೋನ್ಯೂಟನ್. ಚಾವಣಿಯ ಇಳಿಜಾರಿನ ಸಣ್ಣ ಪಾಲು ಬದಿಗಿಟ್ಟರೆ, ಎಲ್ಲ ಕಂಬಗಳ ಬುಡದಲ್ಲಿ ಬರುವ ಅಡ್ಡ ಪ್ರತಿಕ್ರಿಯೆಗಳ ಮೊತ್ತ ಇಷ್ಟೇ ಇರಬೇಕು. ಬೇರೆ ದಾರಿಯಿಲ್ಲ, ಬಂದ ಬಲ ನೆಲ ಸೇರಲೇಬೇಕು.

ಕಂಪ್ಯೂಟರ್ 149ರ ಬದಲು 71 ತೋರಿಸಿತೆನ್ನಿ. 0.7ರಿಂದ 0.25 ಕಳೆದರೆ 0.45, ಗುಣಿಸಿದರೆ 70.6. ಕಳ್ಳ ಸಿಕ್ಕ. ಹಿಂದಿನ ಗೋಡೆಯನ್ನು ಹೊರಕ್ಕೆ ಎಳೆಯಬೇಕಾದ ಗಾಳಿ ಒಳಕ್ಕೆ ಒತ್ತುತ್ತಿದೆ.

ಪ್ಯಾರಾಮೆಟ್ರಿಕ್ ಮಾದರಿಯಲ್ಲಿ ಇದು ಮಾಮೂಲು. ಅಲ್ಲಿ ಗೋಡೆ, ಚಾವಣಿ ಎಂದರೆ ತ್ರಿಕೋನ-ಚೌಕಗಳ ಜಾಲ. ಪ್ರತಿ ತುಂಡಿಗೂ ಒಂದು ಮುಖ, ಒಂದು ಬೆನ್ನು. ಆಕಾರ ಮರುಹುಟ್ಟುವಾಗ ಕೆಲವು ತುಂಡುಗಳು ಒಳಮುಖವಾಗಿ ತಿರುಗಿಬಿಟ್ಟರೆ ಅಲ್ಲಿ ನೂಕು ಎಳೆತವಾಗುತ್ತದೆ, ಎಳೆತ ನೂಕಾಗುತ್ತದೆ. ಗಾಳಿ ಯಾವಾಗಲೂ ಮೇಲ್ಮೈಗೆ ಲಂಬವಾಗಿ ಬಡಿಯಬೇಕು, ತೂಕ ಯಾವಾಗಲೂ ನೆಲದ ಕಡೆ ಇಳಿಯಬೇಕು. ತಂತ್ರಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆಗಳಿವೆ. ಗಾಳಿಯನ್ನೂ ತೂಕದಂತೆ ನೇರ ಮೇಲೆ-ಕೆಳಗಿನ ದಿಕ್ಕಿಗೆ ಹಾಕಿದರೆ ಇಳಿಜಾರು ಚಾವಣಿಯನ್ನು ಪಕ್ಕಕ್ಕೆ ತಳ್ಳುವ ಪಾಲು ಲೆಕ್ಕದಿಂದಲೇ ಮಾಯ.

ಮಗ್ಗುಲಿನ ತಪ್ಪು ಹಿಡಿಯುವುದು ಇನ್ನೂ ಸುಲಭ. ಗೆರೆಗಳನ್ನು ಬಿಟ್ಟು ಪೂರ್ತಿ ಮೈಯುಳ್ಳ ತೊಲೆಗಳನ್ನು ತೆರೆಯ ಮೇಲೆ ತರಿಸಿ ಸುತ್ತ ತಿರುಗಿಸಿ ನೋಡಬೇಕು. ಒಂದೇ ತೊಲೆಗೆ ಗೊತ್ತಿರುವ ಭಾರ ಹೇರಿ, ಕಾಲೇಜಿನ ಸೂತ್ರದಲ್ಲಿ ಬರುವ 10 ಮಿಲಿಮೀಟರ್ ಬಂತೇ ಎಂದು ನೋಡಬೇಕು. ಬಾಗಿದ ಆಕಾರವನ್ನು ನೂರು ಪಟ್ಟು ಹಿಗ್ಗಿಸಿ ನೋಡಬೇಕು. ಎಡಗಡೆಯಿಂದ ಬೀಸಿದ ಗಾಳಿಗೆ ಕಟ್ಟಡ ಎಡಕ್ಕೇ ವಾಲುತ್ತಿದ್ದರೆ ಸಂಖ್ಯೆ ನೋಡುವ ಅಗತ್ಯವೇ ಇಲ್ಲ.

---
ಬಾಕ್ಸ್: ಹಾರ್ಟ್‌ಫರ್ಡಿನ ಚಾವಣಿ

ಅಮೆರಿಕದ ಹಾರ್ಟ್‌ಫರ್ಡ್ ಕ್ರೀಡಾಂಗಣದ ಉಕ್ಕಿನ ಚಾವಣಿ 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆ ಮೊದಲು ಅಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಲು ಸುಮಾರು 5,000 ಮಂದಿ ಇದ್ದರು. ವಿನ್ಯಾಸ ಮಾಡಿದ್ದು ಕಂಪ್ಯೂಟರಿನಿಂದ. ಕಟ್ಟುವಾಗಲೇ ಚಾವಣಿ ಲೆಕ್ಕಕ್ಕಿಂತ ಎರಡು ಪಟ್ಟು ಕುಗ್ಗಿದ್ದನ್ನು ಅಳೆದು ಹೇಳಿದ್ದರು. ಲೆಕ್ಕಕ್ಕೂ ವಾಸ್ತವಕ್ಕೂ ಅಷ್ಟು ಅಂತರ ಸಹಜ ಎಂದು ಎಂಜಿನಿಯರುಗಳು ಮುಂದುವರಿದರು. ಅದುಮಿದ ಪಟ್ಟಿಗಳಿಗೆ ನಡುವೆ ಆಸರೆ ಇದೆ ಎಂದು ಲೆಕ್ಕ ಹಿಡಿದಿತ್ತು. ಕಟ್ಟಿದ್ದರಲ್ಲಿ ಆ ಆಸರೆ ಸಾಕಷ್ಟಿರಲಿಲ್ಲ.
---

ಪಕ್ಕದ ಗೋದಾಮೂ ಲೆಕ್ಕಕ್ಕೆ ಬರುತ್ತದೆ

1965ರ ನವೆಂಬರ್ 1ರಂದು ಇಂಗ್ಲೆಂಡಿನ ಫೆರಿಬ್ರಿಜ್ ವಿದ್ಯುತ್ ಸ್ಥಾವರದಲ್ಲಿ 375 ಅಡಿ ಎತ್ತರದ ಎಂಟು ತಂಪುಗೋಪುರಗಳ ಪೈಕಿ ಮೂರು ಕುಸಿದವು. ಬಿದ್ದದ್ದು ಗಾಳಿಗೆ ಮೊದಲು ಎದುರಾದ ಸಾಲಲ್ಲ, ಅದರ ಹಿಂದಿನದು. ಮುಂದಿನ ಗೋಪುರಗಳ ಸಂದಿಯಲ್ಲಿ ನುಗ್ಗಿದ ಗಾಳಿ ಹಿಂದಿನವನ್ನು ಅಲುಗಿಸಿತ್ತು. ಒಂದೊಂದನ್ನೂ ಒಂಟಿ ಗೋಪುರವೆಂದು ಲೆಕ್ಕ ಹಾಕಿದ್ದು, ಕ್ಷಣಿಕ ಬೀಸಿನ ಬದಲು ಒಂದು ನಿಮಿಷದ ಸರಾಸರಿ ವೇಗ ಹಿಡಿದದ್ದು, ಎರಡೂ ಸೇರಿ ಅನಾಹುತವಾಯಿತು.

ಹೊಸಕೋಟೆಯಿಂದ ಮಾಲೂರಿನ ಕಡೆಗೆ, ನೆಲಮಂಗಲದಿಂದ ತುಮಕೂರಿನ ಕಡೆಗೆ ಹೊರಟರೆ ಭುಜಕ್ಕೆ ಭುಜ ತಾಗಿಸಿ ನಿಂತ ಗೋದಾಮುಗಳು ಕಾಣುತ್ತವೆ. ಮೊದಲು ಕಟ್ಟಿದವನ ಲೆಕ್ಕದಲ್ಲಿ ಪಕ್ಕದಲ್ಲಿ ರಾಗಿ ಹೊಲವಿತ್ತು. ಈಗ ಅಲ್ಲಿ ಇನ್ನೂ ಎತ್ತರದ ಶೆಡ್ಡು, ನಡುವೆ ಗಾಳಿ ನುಗ್ಗುವ ಓಣಿ. ದೊಡ್ಡ ಯೋಜನೆಗಳಿಗೆ ಮಾದರಿ ಮಾಡಿ ಗಾಳಿ ಸುರಂಗದಲ್ಲಿ ಪರೀಕ್ಷಿಸುವ ಅನುಕೂಲವಿದೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಂಥ ಸುರಂಗವಿದೆ. ತೋಟದ ಅಂಚಿನ ಪಾಲಿಹೌಸಿಗೆ, ಬಾಡಿಗೆಗೆಂದು ಕಟ್ಟಿದ ಸಾಧಾರಣ ಶೆಡ್ಡಿಗೆ ಆ ಭಾಗ್ಯವಿಲ್ಲ. ಅವಕ್ಕೆ ಇರುವುದು ಎಂಜಿನಿಯರಿನ ಕಣ್ಣು, ಫ್ಯಾಬ್ರಿಕೇಟರಿನ ಕೈ.

ಹಾಗಾಗಿ ಕೇಳುವ ಹೊಣೆ ಮಾಲೀಕನ ಮೇಲೂ ಇದೆ. ಕಂಪ್ಯೂಟರಿನಿಂದ ಬಂದ ಇನ್ನೂರು ಪುಟದ ವರದಿ ಯಾರೂ ಓದುವುದಿಲ್ಲ. ಅದರ ಜೊತೆ ಮೂರು ಹಾಳೆ ಕೇಳಿ ಪಡೆಯಲಿ. ಪ್ರತಿ ತೊಲೆ, ಪ್ರತಿ ಪರ್ಲಿನ್ ಯಾವ ಮಗ್ಗುಲಲ್ಲಿ ಕೂರಬೇಕೆಂದು ಅಡ್ಡಕೊಯ್ತದಲ್ಲಿ ತೋರಿಸಿದ ನಕ್ಷೆ ಒಂದು. ಪ್ರತಿ ದಿಕ್ಕಿನ ಗಾಳಿಗೂ ಕಟ್ಟಡ ವಾಲುವ ಚಿತ್ರ ಇನ್ನೊಂದು. ಮೂರನೆಯದರಲ್ಲಿ ಎರಡೇ ಸಾಲು ಸಾಕು: ಕೈಲೆಕ್ಕದಲ್ಲಿ ಬಂದ ಗಾಳಿಯ ಮೊತ್ತ, ಕಂಪ್ಯೂಟರ್ ಕೊಟ್ಟ ಪ್ರತಿಕ್ರಿಯೆಗಳ ಮೊತ್ತ. ಅವು ಹೊಂದದಿದ್ದರೆ ಕಂಬದ ಬುಡದ ಬೋಲ್ಟಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಕೆಲಸ ನಿಲ್ಲಿಸಬೇಕು. ಚಾವಣಿಯನ್ನು ಮೇಲಕ್ಕೆಳೆಯುವ 80 ಟನ್ ಕೊನೆಗೆ ಬಂದು ಸೇರುವುದು ಆ ಬೋಲ್ಟುಗಳಿಗೇ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವುಗಳ ಉದ್ದ ಹೆಚ್ಚಿಸಲು ಬರುವುದಿಲ್ಲ.